ಹಿಂಬರಹ

ಶಿರಸಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಡಿಟಿಪಿ ಕೆಲಸವನ್ನೂ ಮಾಡುತ್ತೇನೆ. ಪಹಣಿ ತಿದ್ದುಪಡಿ, ಅತಿಕ್ರಮಣ ಸಕ್ರಮ, ವಿಧವಾ ವೇತನ, ಪಂಪ್‌ಸೆಟ್ಟಿನ ಕರೆಂಟು, ಹೀಗೆ ಊರವರ ಅರ್ಜಿ ಟೈಪ್ ಮಾಡಿ ಮಾಡಿ ‘ಮಾನ್ಯರೇ’ಯಿಂದ ‘ತಮ್ಮ ವಿಶ್ವಾಸಿ’ಯವರೆಗೆ ಕಣ್ಣು ಮುಚ್ಚಿ ಹೊಡೆಯಬಲ್ಲೆ. ಅರ್ಜಿ ಕೊಟ್ಟು ಕೆಲವು ತಿಂಗಳಾದ ಮೇಲೆ ಅದೇ ಜನ ಒಂದು ಹಾಳೆ ಹಿಡಿದು ವಾಪಸ್ ಬರುತ್ತಾರೆ. ಅದು ಹಿಂಬರಹ, ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ. ‘ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ.’ ಎರಡು ಜೆರಾಕ್ಸ್ ತೆಗೆಸಿ, ನಾಲ್ಕು ಮಡಿಕೆ ಮಡಚಿ, ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಯಾವ ನಿಯಮ ಅಂತ ಅವರೂ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ. ಪ್ರತಿಗೆ ಎರಡು ರೂಪಾಯಿ ತೆಗೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದೆ. ನಮ್ಮ ಮನೆಗೇ ಒಂದು ಬಂದಾಗ ಮಾತ್ರ ಅದನ್ನು ಎರಡು ಸಲ ಓದಿದೆ.

ಬಂದದ್ದು ಕೋವಿಯ ವಿಷಯಕ್ಕೆ. ಅಪ್ಪಯ್ಯನ ಹೆಸರಲ್ಲಿ ಒಂದು ಕೇಪಿನ ಕೋವಿ ಇತ್ತು. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್, ಅಂದರೆ ಬಾಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೋವಿ, ಬೆಳೆ ರಕ್ಷಣೆಗೆ ಅಂತ ಬರೆದಿತ್ತು. ನಮ್ಮ ಕಡೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ, ತೋಟ ಇದ್ದ ಎಷ್ಟೋ ಮನೆಯಲ್ಲಿ ಅದೊಂದು ಗೋಡೆಗೆ ಆನಿಸಿಕೊಂಡು ಇರುತ್ತಿತ್ತು. ಅಪ್ಪಯ್ಯ ತೀರಿಕೊಂಡ ಮೇಲೆ ಅಣ್ಣ ಕೋವಿಯನ್ನು ಠಾಣೆಗೆ ಜಮಾ ಮಾಡಿ ರಸೀದಿ ತಂದ. ವರ್ಷಾಂತಿಕ ಮುಗಿಸಿ ತನ್ನ ಹೆಸರಿಗೆ ಲೈಸೆನ್ಸ್ ಕೇಳಿದ. 2016ರ ಶಸ್ತ್ರ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. ಲೈಸೆನ್ಸ್‌ದಾರ ತೀರಿಕೊಂಡರೆ, ಅಥವಾ ಅವನಿಗೆ 70 ವರ್ಷ ಆದರೆ, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಕೇಳಬಹುದು. ಕೇಳಬಹುದು ಅಷ್ಟೇ. ಕೊಡಬೇಕೋ ಬೇಡವೋ ಅಂತ ನೋಡುವುದು ಅಧಿಕಾರಿ.

ಉಳಿದ ವಾರಸುದಾರರು ‘ತಕರಾರಿಲ್ಲ’ ಅಂತ ಬರೆದುಕೊಡಬೇಕಿತ್ತು. ಆಯಿ ರುಜು ಹಾಕಿದಳು. ನನ್ನ ಪತ್ರ ನಾನೇ ನನ್ನ ಅಂಗಡಿಯಲ್ಲಿ ಟೈಪ್ ಮಾಡಿದೆ. ‘ನನ್ನ ಅಣ್ಣನ ಹೆಸರಿಗೆ ಲೈಸೆನ್ಸ್ ನೀಡಲು ನನ್ನದೇನೂ ತಕರಾರು ಇರುವುದಿಲ್ಲ.’ ಇದರಲ್ಲಿ ಒಂದು ಸುಳ್ಳಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಅಣ್ಣ ಪೊಲೀಸರು ನಡೆಸುವ ಬಂದೂಕು ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಂದ, ಡಾಕ್ಟರ ಹತ್ತಿರ ದೇಹವೂ ಮನಸ್ಸೂ ಸರಿ ಇದೆ ಅಂತ ಬರೆಸಿಕೊಂಡ, ಪಹಣಿ ತೆಗೆಸಿದ. ಆಮೇಲೆ ಕಾದ. ತಿಂಗಳುಗಟ್ಟಲೆ ಆದ ಮೇಲೆ ಬಂದ ಹಿಂಬರಹದಲ್ಲಿ ವಿಳಾಸ, ಉಲ್ಲೇಖ ಎಲ್ಲ ಕಳೆದರೆ ಉಳಿಯುವುದು ಒಂದೂವರೆ ಸಾಲು. ‘ಪೊಲೀಸ್ ವರದಿಯಲ್ಲಿ ಶಿಫಾರಸು ಇಲ್ಲದ ಕಾರಣ ಸದರಿ ಅರ್ಜಿಯನ್ನು ತಿರಸ್ಕರಿಸಿದೆ.’

ಅಣ್ಣ ಅದನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟ. ಸಿಟ್ಟಲ್ಲಿರಲಿಲ್ಲ, ಅದು ಇನ್ನೂ ಕಷ್ಟ. “ಬೇಡ ಹೇಳಿ ಬರೆದ್ರೆ ಬೇಜಾರಿಲ್ಲೆ ತಮಾ. ಎಂತಕ್ಕೆ ಬೇಡ ಹೇಳಿ ಬರೀಲಿ” ಅಂದ.

ಮದ್ದು, ನಾರು, ಚರೆ

ಕೇಪಿನ ಕೋವಿ ನೋಡದವರಿಗೆ ಅದರ ಕೆಲಸ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಇದಕ್ಕೆ ತೋಟಾ ಹಾಕುವುದಿಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಬೇಕು, ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ ಕುಟ್ಟಬೇಕು, ಚರೆ (ಸಣ್ಣ ಗುಂಡು) ಹಾಕಬೇಕು, ಮತ್ತೆ ನಾರು, ಮತ್ತೆ ಗಜ. ಅಪ್ಪಯ್ಯ ಗಜ ಹೊಡೆಯುವಾಗ ಬಾಯಲ್ಲೇ ಲೆಕ್ಕ ಮಾಡುತ್ತಿದ್ದ. ಹದ ಬಂತು ಅಂದರೆ ಗಜ ತಾನೇ ಒಂಚೂರು ಮೇಲಕ್ಕೆ ಪುಟಿಯುತ್ತಿತ್ತು, ಆಗ ನಿಲ್ಲಿಸುತ್ತಿದ್ದ. ಕೊನೆಗೆ ಹಿಂದುಗಡೆ ಕೇಪು, ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಟೋಪಿ. ಒಂದು ಸಲ ತುಂಬಿಸಿದ ಕೋವಿಯನ್ನು ಖಾಲಿ ಮಾಡುವ ಸುಲಭದ ದಾರಿ ಅಂದರೆ ಹೊಡೆಯುವುದು. ಹಾಗಾಗಿ ಹೊಡೆಯದೇ ವಾಪಸ್ ಬಂದ ರಾತ್ರಿ ಕೇಪು ತೆಗೆದು ಬೆಂಕಿಪೊಟ್ಟಣದಲ್ಲಿ ಹಾಕಿ, ಕೋವಿಯನ್ನು ಜಗಲಿಯ ಮೇಲುಗಡೆ ಇಟ್ಟು, “ಮುಟ್ಟಡ್ರೋ, ಒಳಗಿದ್ದು” ಅಂತ ನಮಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದ.

ಅದರಿಂದ ಅಪ್ಪಯ್ಯ ಎಷ್ಟು ಹಂದಿ ಹೊಡೆದ ಅಂತ ಕೇಳಿದರೆ ನನಗೆ ಗೊತ್ತಿರುವ ಹಾಗೆ ಒಂದೂ ಇಲ್ಲ. ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಪ್ರಾಣಿ ಹೊಡೆಯಬಹುದು ಅಂತ ಪೇಟೆಯವರು ತಿಳಿದುಕೊಂಡಿರುತ್ತಾರೆ. ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೆಳೆ ತಿನ್ನುವ ಹಂದಿಯನ್ನು ಕೊಲ್ಲುವುದಕ್ಕೂ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ನಮ್ಮಲ್ಲಿ ಕೋವಿಯ ಕೆಲಸ ಜಾಸ್ತಿಯಾಗಿ ಸದ್ದು ಮಾಡುವುದು. ಒಂದು ಈಡು ಮೇಲಕ್ಕೆ ಹೊಡೆದರೆ ಹಂದಿ ಹಿಂಡು ಆ ರಾತ್ರಿ ಬೇರೆಯವರ ಗದ್ದೆಗೆ ಹೋಗುತ್ತದೆ. (ಬೇರೆಯವರೂ ಅದನ್ನೇ ಮಾಡುತ್ತಾರೆ. ಹಂದಿಗೆ ಒಳ್ಳೆ ವ್ಯಾಯಾಮ.) ಮಂಗನಿಗಂತೂ ಈಗ ಗರ್ನಾಲಿನ ಸದ್ದು ಅಭ್ಯಾಸವಾಗಿಬಿಟ್ಟಿದೆ, ಕುತ್ತಿಗೆ ತಿರುಗಿಸಿಯೂ ನೋಡುವುದಿಲ್ಲ.

ಈಗ ನನ್ನ ತಕರಾರು.

ನನಗೆ ಆಗ ಹನ್ನೆರಡು ವರ್ಷ ಇರಬೇಕು. ಅಣ್ಣ ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದ. ಭತ್ತ ತೆನೆ ಕಟ್ಟಿದ ಸಮಯ, ಗದ್ದೆ ಕಾಯುವ ಮಾಳದಲ್ಲಿ ಅಪ್ಪಯ್ಯ, ನಾನು. ನನ್ನ ಕೆಲಸ ಬ್ಯಾಟರಿ ಹಿಡಿಯುವುದು, ಅದೂ ಅಪ್ಪಯ್ಯ ಮೊಣಕೈಯಿಂದ ತಿವಿದಾಗ ಮಾತ್ರ ಹೊತ್ತಿಸುವುದು. ಬೆಟ್ಟದ ಕಡೆಯ ಬೇಲಿ ಹತ್ತಿರ ಸರಬರ ಸದ್ದಾಯಿತು. ನಿಂತಿತು. ಮತ್ತೆ ಆಯಿತು, ಈ ಸಲ ಗದ್ದೆಯ ಒಳಗೆ. ಅಪ್ಪಯ್ಯ ಕೇಪು ಹಾಕಿದ ಟಿಕ್ ಸದ್ದು ನನಗೆ ಕೇಳಿತು. ಕೋವಿ ಎತ್ತಿದ, ಆಕಾಶಕ್ಕಲ್ಲ, ಗದ್ದೆಗೆ. ಮೂರು ರಾತ್ರಿ ನಿದ್ದೆ ಕೆಟ್ಟಿದ್ದ, ಅರ್ಧ ಗದ್ದೆ ಹೋಗಿತ್ತು, ಆ ಸಿಟ್ಟು ಇತ್ತು ಅಂತ ಕಾಣುತ್ತದೆ. ನಾನು ತಿವಿತಕ್ಕೆ ಕಾಯುತ್ತಿದ್ದೆ. ತಿವಿಯಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ಅಪ್ಪಯ್ಯ ಎರಡು ಸಲ ಉಸಿರು ಎಳೆದ, ನೆಗಡಿಯಾದವರು ಎಳೆದ ಹಾಗೆ. ಆಮೇಲೆ ಕೋವಿ ಇಳಿಸಿ, “ಯಾರದು?” ಅಂದ.

ಕೆಳಗಿನ ಮನೆಗೆ ಕೆಲಸಕ್ಕೆ ಬರುತ್ತಿದ್ದವನು. ತಪ್ಪಿಸಿಕೊಂಡ ಎಮ್ಮೆಕರು ಹುಡುಕುತ್ತಾ ಬಂದಿದ್ದ. ಬ್ಯಾಟರಿಯ ಸೆಲ್ ಖಾಲಿಯಾಗಿ ಕತ್ತಲಲ್ಲೇ ನಡೆಯುತ್ತಿದ್ದ. ಅವನನ್ನು ಉಳಿಸಿದ್ದು ಬಾಯಲ್ಲಿದ್ದ ಬೀಡಿಯ ವಾಸನೆ. ಕಿಡಿ ಕಂಡಿರಲಿಲ್ಲ, ತೆನೆಗೆ ಮರೆಯಾಗಿತ್ತು. ಗಾಳಿ ನಮ್ಮ ಕಡೆಗೆ ಬೀಸಿತು, ಅಷ್ಟೇ. ಅವನು ಮಾಳದ ಕೆಳಗೆ ಬಂದು ನಿಂತು, “ಹಂದಿ ಬಂತನ್ರಾ ಹೆಗಡೇರೇ?” ಅಂತ ಕೇಳಿದ. ಅಪ್ಪಯ್ಯ ಕೇಪು ತೆಗೆಯಲು ಹೋಗಿ ಎರಡು ಸಲ ಜಾರಿಸಿಕೊಂಡ. ಬೀಡಿ ಮುಟ್ಟದ ಮನುಷ್ಯ ಕೆಳಗಿಳಿದು ಹೋಗಿ, “ನಂಗೂ ಒಂದು ಕೊಡು ಮಾರಾಯ” ಅಂತ ಇಸಕೊಂಡು ಕೆಮ್ಮುತ್ತಾ ಸೇದಿದ. ಮನೆಗೆ ಬರುವಾಗ ದಾರಿಯಲ್ಲಿ ನನಗೆ ಹೇಳಿದ್ದು ಒಂದೇ ಮಾತು, “ಆಯಿ ಹತ್ರ ಹೇಳಡ.” ಹೇಳಲಿಲ್ಲ. ಅಣ್ಣನ ಹತ್ತಿರವೂ ಹೇಳಲಿಲ್ಲ.

ಹಾಗಾಗಿ ಅಣ್ಣನಿಗೆ ಲೈಸೆನ್ಸ್ ಇಲ್ಲ ಅಂತ ಬಂದಾಗ ನನಗೆ ಒಳಗೊಳಗೇ ಒಂದು ಸಮಾಧಾನ ಆಗಿತ್ತು. ಅದೇ ಹೊತ್ತಿಗೆ ಆ ಒಂದೂವರೆ ಸಾಲು ನೋಡಿ ಮೈ ಉರಿದಿತ್ತು. ಎರಡೂ ಒಟ್ಟಿಗೆ ಹೇಗೆ ಅಂತ ನನಗೇ ತಿಳಿಯಲಿಲ್ಲ.

ಕಾಯ್ದೆ ಓದಿದ್ದು

ಆ ವಾರ ಅಂಗಡಿಯಲ್ಲಿ ಕುಳಿತು 1959ರ ಶಸ್ತ್ರ ಕಾಯ್ದೆಯನ್ನು ಪ್ರಿಂಟ್ ತೆಗೆದು ಓದಿದೆ. ಬೇಸರದ ಓದು ಅಂದುಕೊಂಡಿದ್ದೆ, ಆದರೆ ನಮ್ಮಂಥವರನ್ನು ಮನಸ್ಸಲ್ಲಿಟ್ಟುಕೊಂಡೇ ಬರೆದ ಸಾಲುಗಳಿವೆ. 13ನೇ ಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿ ಕೇಳಿದರೆ ಲೈಸೆನ್ಸ್ ‘ಕೊಡತಕ್ಕದ್ದು’ ಅಂತಲೇ ಇದೆ. ಪಿಸ್ತೂಲು ಕೇಳಿದವನು ಸರಿಯಾದ ಕಾರಣ ತೋರಿಸಿ ಒಪ್ಪಿಸಬೇಕು, ನಮ್ಮ ಬಡ ಕೋವಿಗೆ ಆ ಮಟ್ಟಿಗೆ ಕಾನೂನೇ ಒಂದು ಹೆಜ್ಜೆ ಮುಂದೆ ಬಂದಿದೆ. ಆದರೆ ಪಕ್ಕದಲ್ಲೇ 14ನೇ ಕಲಮು ಇದೆ. ಬುದ್ಧಿ ಸ್ಥಿಮಿತ ಇಲ್ಲದವನು, ಯಾವುದೇ ಕಾರಣಕ್ಕೆ ಯೋಗ್ಯನಲ್ಲದವನು, ಅಥವಾ ಸಾರ್ವಜನಿಕ ಶಾಂತಿಗೆ ಧಕ್ಕೆ ಬರುವಂಥ ಸಂದರ್ಭ ಇದ್ದರೆ ಕೊಡಬಾರದು. ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮಾತ್ರ ‘ಇಲ್ಲ’ ಅನ್ನುವ ಹಾಗಿಲ್ಲ. ಅದರ ಕೊನೆಯಲ್ಲಿ ನಾನು ಹಳದಿ ಪೆನ್ನು ಎಳೆದ ಸಾಲು: ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಅರ್ಜಿದಾರ ಕೇಳಿದರೆ ಅದರ ಚುಟುಕು ವಿವರಣೆ ಕೊಡಬೇಕು. ಸಾರ್ವಜನಿಕ ಹಿತಕ್ಕೆ ತೊಂದರೆ ಅನಿಸಿದರೆ ಮಾತ್ರ ಕೊಡದೇ ಇರಬಹುದು.

‘ಅರ್ಜಿದಾರ ಕೇಳಿದರೆ.’ ಇಷ್ಟು ವರ್ಷ ಅಂಗಡಿ ನಡೆಸಿ ಅಂಥ ಒಂದು ಪತ್ರ ನಾನು ಟೈಪ್ ಮಾಡಿರಲಿಲ್ಲ. ಕೇಳಬಹುದು ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಮಾಡಿದೆ, ಮಾಹಿತಿ ಹಕ್ಕಿನಲ್ಲಿ ಪೊಲೀಸ್ ವರದಿಯನ್ನೂ ಕೇಳಿದೆ. ವಿವರಣೆ ಬರಲಿಲ್ಲ, ವರದಿ ಬಂತು. ಅರ್ಜಿದಾರನ ಮೇಲೆ ಯಾವುದೇ ಕೇಸಿಲ್ಲ, ಜಮೀನು ಇದೆ, ಕೃಷಿಕ, ಆದಾಗ್ಯೂ ಶಿಫಾರಸು ಮಾಡಿರುವುದಿಲ್ಲ. ‘ಆದಾಗ್ಯೂ’ ಅನ್ನುವ ಪದಕ್ಕೆ ಇಷ್ಟು ತೂಕ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

18ನೇ ಕಲಮಿನ ಪ್ರಕಾರ ಮೇಲಿನ ಅಧಿಕಾರಿಗೆ ಅಪೀಲು ಹೋಗಬೇಕು, 30 ದಿನದ ಒಳಗೆ. ಹೋದೆವು. ಅಪೀಲಿನ ಅಧಿಕಾರಿಗೆ ದೊಡ್ಡ ಅಧಿಕಾರವಿದೆ, ಪೂರ್ತಿ ಕಡತವನ್ನು ಹೊಸದಾಗಿ ನೋಡಬಹುದು, ಕೊಡಿ ಅಂತ ಹೇಳಲೂಬಹುದು. ನಮ್ಮ ಪಾಲಿಗೆ ಬಂದದ್ದು, ಕೆಳಗಿನ ಆದೇಶದಲ್ಲಿ ಮಧ್ಯಪ್ರವೇಶಿಸಲು ಕಾರಣ ಕಾಣುವುದಿಲ್ಲ ಅಂತ ಒಂದು ಪುಟ. ಈ ಸಲ ಅಣ್ಣ ನನ್ನ ಟೇಬಲ್ಲಿನ ಮೇಲೆ ಏನೂ ಇಡಲಿಲ್ಲ. “ಧಾರವಾಡಕ್ಕೆ ಹೋಪನ” ಅಂದ. ವಕೀಲರ ಫೀಸಿಗೆ ಆಗುವ ದುಡ್ಡಿನಲ್ಲಿ ಗದ್ದೆಗೆ ಸೋಲಾರ್ ಬೇಲಿಯೇ ಬರುತ್ತಿತ್ತು, ಅದನ್ನೂ ಹೇಳಿದೆ. ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವನಿಗೆ ಹಂದಿ ಮರೆತುಹೋಗಿತ್ತು ಅಂತ ನನ್ನ ಗುಮಾನಿ.

ಚೀಲ ಬಿಚ್ಚದೆ ದರ

ನಮ್ಮ ಜಿಲ್ಲೆಗೆ ಹೈಕೋರ್ಟು ಅಂದರೆ ಧಾರವಾಡ ಪೀಠ. 2008ರಲ್ಲಿ ಸಂಚಾರಿ ಪೀಠ ಆಗಿ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಇಂಥ ಕೆಲಸಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು, ಆಗಿನ ಕಾಲದಲ್ಲಿ ಕೇಪಿನ ಕೋವಿಗಾಗಿ ಯಾರು ಹೋಗುತ್ತಿದ್ದರು?

ವಕೀಲರು ಮೊದಲ ದಿನವೇ ಒಂದು ಮಾತು ಹೇಳಿ ಅಣ್ಣನ ಮುಖ ಸಣ್ಣ ಮಾಡಿದರು. “ಕೋರ್ಟು ನಿಮಗೆ ಕೋವಿ ಕೊಡಿಸೂದಿಲ್ಲ, ತಿಳೀತಿಲ್ರಿ? ಕೋವಿ ಇಟ್ಕೊಳ್ಳೂದು ಮೂಲಭೂತ ಹಕ್ಕಲ್ಲ. ನಾವು ಕೇಳೂದು, ಇಲ್ಲ ಅಂದ ರೀತಿ ಸರಿ ಐತೋ ಇಲ್ಲೋ ಅಂತ ಅಷ್ಟ.” ಅಪೀಲಿಗೂ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಗೂ ಇರುವ ವ್ಯತ್ಯಾಸ ಇದೇ ಅಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣನಿಗೆ ನಾನು ಅಡಿಕೆ ಲೆಕ್ಕದಲ್ಲಿ ಹೇಳಿದೆ. ಟೆಂಡರಿಗೆ ಇಟ್ಟ ಚಾಲಿ ಅಡಿಕೆಗೆ ಯಾವ ದರ ಸರಿ ಅಂತ ಹೈಕೋರ್ಟು ಹೇಳುವುದಿಲ್ಲ, ಆ ಕೆಲಸ ದರ ಹಾಕುವವನದು. ದರ ಹಾಕಿದವನು ಚೀಲ ಬಿಚ್ಚಿ ನೋಡಿದನೋ ಇಲ್ಲವೋ ಅಂತ ಮಾತ್ರ ಕೇಳುತ್ತದೆ. ಅಣ್ಣ ಸ್ವಲ್ಪ ಹೊತ್ತು ಕಿಟಕಿ ನೋಡಿ, “ಚೀಲ ಬಿಚ್ಚಿದ್ವಿಲ್ಲೆ ಅಲ್ದಾ” ಅಂದ.

ವರ್ಷದ ಮೇಲೆ ವಿಚಾರಣೆಗೆ ಬಂತು. ಶಿರಸಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಧಾರವಾಡಕ್ಕೆ ಚಿಗರಿ ಬಸ್ಸು. ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅಪ್ಪಯ್ಯನ ಹಳೇ ಲೈಸೆನ್ಸ್ ಪುಸ್ತಕವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದ. ಯಾರೂ ಅದನ್ನು ಕೇಳಲಿಲ್ಲ. ಊಟದ ಬಿಡುವಿನವರೆಗೂ ನಮ್ಮ ನಂಬರ್ ಬರಲಿಲ್ಲ. ಬಂದ ಮೇಲೆ ಎಲ್ಲ ಮುಗಿಯಲು ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಸರ್ಕಾರಿ ವಕೀಲರು ಆಕ್ಷೇಪಣೆ ಓದಿದರು. ಅರ್ಜಿದಾರರ ಜಮೀನು ಕಾಡಿನ ಅಂಚಿಗೆ ಇದೆ, ಕೋವಿ ಬೇಟೆಗೆ ಬಳಕೆಯಾಗುವ ಸಂಭವ ಇದೆ, ಆದ್ದರಿಂದ ನಿರಾಕರಿಸಲಾಗಿದೆ. ನಾನು ಅಣ್ಣನ ಮುಖ ನೋಡಿದೆ. ಹೊಸ ಕಾರಣ, ನಾವು ಇದೇ ಮೊದಲು ಕೇಳಿದ್ದು. ಕಾಡಿನ ಅಂಚಿನಲ್ಲಿ ಇಲ್ಲದಿದ್ದರೆ ಬೆಳೆ ರಕ್ಷಣೆಗೆ ಕೋವಿ ಯಾಕೆ ಬೇಕು ಅನ್ನುವುದು ಬೇರೆ ಮಾತು, ಹಂದಿ ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲವಲ್ಲ. ನ್ಯಾಯಮೂರ್ತಿಗಳು ಕಡತದಿಂದ ತಲೆ ಎತ್ತದೆ, “ಇದು ಹಿಂಬರಹದಲ್ಲಿ ಎಲ್ಲಿದೆ?” ಅಂತ ಕೇಳಿದರು. ಸರ್ಕಾರಿ ವಕೀಲರು ಪುಟ ತಿರುಗಿಸಿದರು. ತಿರುಗಿಸಲು ಇದ್ದದ್ದೇ ಒಂದು ಪುಟ.

ಹೊರಗೆ ಬಂದು ಚಹಾ ಕುಡಿಯುವಾಗ ವಕೀಲರು ಇದರ ಹಿಂದಿನ ಕತೆ ಹೇಳಿದರು. 1977ರಲ್ಲಿ ಪಂಜಾಬಿನ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಮತದಾನ ರದ್ದಾದ ಮೇಲೆ ಮೊಹಿಂದರ್ ಸಿಂಗ್ ಗಿಲ್ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದು, ಆದೇಶ ಮಾಡುವಾಗ ಅದರಲ್ಲಿ ಯಾವ ಕಾರಣ ಬರೆದಿತ್ತೋ ಅದರ ಮೇಲೆಯೇ ಅದು ನಿಲ್ಲಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಿ ಊರುಗೋಲು ಕೊಡುವ ಹಾಗಿಲ್ಲ. ಆದೇಶ ಹಳೆಯದಾದಷ್ಟೂ ರುಚಿ ಏರುವ ದ್ರಾಕ್ಷಾರಸ ಅಲ್ಲ ಅಂತಲೂ ಅದರಲ್ಲಿದೆ. ನಮ್ಮ ಕಡೆಯವರು ಬರೆದಿದ್ದರೆ ಅಪ್ಪೆಮಿಡಿ ಉಪ್ಪಿನಕಾಯಿ ಅಂತಿದ್ದರು.

ತೀರ್ಪು ಕೈಗೆ ಬಂತು. ಹಿಂಬರಹ ರದ್ದು, ಅಪೀಲಿನ ಆದೇಶವೂ ರದ್ದು, ಅರ್ಜಿದಾರನ ಮಾತು ಕೇಳಿ ಕಾರಣ ಸಹಿತ ಹೊಸದಾಗಿ ತೀರ್ಮಾನ ಮಾಡಿ ಅಂತ ವಾಪಸ್. ಊರಿನಲ್ಲಿ ‘ಹೆಗಡೇರು ಹೈಕೋರ್ಟಲ್ಲಿ ಗೆದ್ದರಂತೆ’ ಅಂತ ಸುದ್ದಿ. ಗೆದ್ದದ್ದು ಏನು ಅಂದರೆ, ಅರ್ಜಿ ಹೊರಟ ಟೇಬಲ್ಲಿಗೇ ಅದು ಮತ್ತೆ ಹೋಯಿತು. ಕೋವಿ ಇನ್ನೂ ಠಾಣೆಯಲ್ಲೇ. ಲೋಕಸಭೆ ಚುನಾವಣೆಗೆ, 2024ರ ಮೇ 7ಕ್ಕೆ ನಮ್ಮಲ್ಲಿ ಮತದಾನ, ಅದಕ್ಕೂ ಮೊದಲು ಪಕ್ಕದ ಮನೆಯವರು ತಮ್ಮ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಾಳೆನಾರು ಕಟ್ಟಿ ಬೈಕಿನಲ್ಲಿ ಠಾಣೆಗೆ ಜಮಾ ಮಾಡಲು ಹೊರಟಿದ್ದರು. ಅಣ್ಣ ಅಂಗಳದಲ್ಲಿ ನಿಂತು, “ನಮ್ದು ಅಲ್ಲೇ ಇದ್ದು, ಕಂಡ್ರೆ ಹೇಳು” ಅಂದ.

ಈಗ ನಾನು ಅಂಗಡಿಯಲ್ಲಿ ಹಿಂಬರಹದ ಜೆರಾಕ್ಸ್ ಕೇಳಿದವರಿಗೆ ಮೊದಲು ಓದಿ ನೋಡುತ್ತೇನೆ. ಕಾರಣ ಇಲ್ಲದಿದ್ದರೆ ಕಾರಣ ಕೇಳುವ ಪತ್ರ ಟೈಪ್ ಮಾಡಿಕೊಡುತ್ತೇನೆ. ಕೆಲವರು ‘ಸುಮ್ನೆ ಯಾಕೆ ಎದುರು ಹಾಕಿಕೊಳ್ಳೋದು’ ಅಂತ ಬೇಡ ಅನ್ನುತ್ತಾರೆ. ಅವರಿಗೆ ಒತ್ತಾಯ ಮಾಡುವುದಿಲ್ಲ, ನಾಳೆ ಆ ಕಚೇರಿಗೆ ಮತ್ತೆ ಹೋಗಬೇಕಾದವರು ಅವರು, ನಾನಲ್ಲ.

ಮತ್ತೆ ಬಂದರು

ಹೊಸ ವರದಿಗಾಗಿ ಠಾಣೆಯಿಂದ ಒಬ್ಬರು ಬಂದರು. ಹಿಂದಿನ ಸಲ ಬಂದದ್ದೇ ಇಲ್ಲ, ಅಣ್ಣನನ್ನೇ ಕರೆಸಿ ರುಜು ಹಾಕಿಸಿಕೊಂಡಿದ್ದರು. ಈ ಸಲದವರು ವಯಸ್ಸಾದವರು, ಚಪ್ಪಲಿ ಕಳಚಿ ಜಗಲಿಗೆ ಬಂದರು. ಗದ್ದೆ ಎಷ್ಟು, ಹಂದಿ ಬರುವುದು ಯಾವ ಕಡೆಯಿಂದ, ಕೋವಿ ಎಲ್ಲಿ ಇಡುತ್ತೀರಿ, ಬೀಗ ಇದೆಯಾ, ಮನೆಯಲ್ಲಿ ಮಕ್ಕಳಿದ್ದಾರಾ, ಒಂದೊಂದೇ ಕೇಳಿ ಬರೆದುಕೊಂಡರು. ಆಯಿ ತಂಬುಳಿ ಊಟಕ್ಕೆ ಎಬ್ಬಿಸಿದಳು, ಬೇಡ ಅಂದು ಮಜ್ಜಿಗೆ ಕುಡಿದರು. ನಾನು ಅವತ್ತು ಮನೆಯಲ್ಲೇ ಇದ್ದೆ. ಕೊನೆಗೆ ಕಡತ ತಿರುವಿ ನನ್ನ ಹಳೇ ಪತ್ರ ತೆಗೆದು, “ತಮ್ಮ ಅಂದ್ರೆ ನೀವೇ ಅಲ್ವಾ? ನಿಮ್ಮದೇನೂ ತಕರಾರಿಲ್ಲ?” ಅಂತ ಕೇಳಿದರು.

ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಅಂತ ಇಷ್ಟು ವರ್ಷ ಕಾಯುತ್ತಿದ್ದೆನೋ ಏನೋ. ಮಾಳ, ಎಮ್ಮೆಕರು, ಬೀಡಿ, ಎಲ್ಲ ಹೇಳಿದೆ. ಅಪ್ಪಯ್ಯ ಎರಡು ಸಲ ಉಸಿರು ಎಳೆದದ್ದನ್ನೂ ಹೇಳಿದೆ. ಆಯಿ ಒಳಗಿನ ಬಾಗಿಲಿಗೆ ಬಂದು ನಿಂತಿದ್ದಳು. ಅಣ್ಣ ಕಂಬಕ್ಕೆ ಒರಗಿ ಕವಳದ ಬಟ್ಟಲು ನೋಡುತ್ತಿದ್ದ, ನನ್ನ ಕಡೆ ತಿರುಗಲಿಲ್ಲ. ಬಂದವರು ಬರೆಯುವುದನ್ನು ನಿಲ್ಲಿಸಿ ಪೆನ್ನು ಹಿಡಿದೇ ಕುಳಿತಿದ್ದರು. ನಾನು ಮುಗಿಸಿದ ಮೇಲೆ ಸ್ವಲ್ಪ ಮುಜುಗರದಿಂದ, “ಇದೆಲ್ಲ ಹಳೇ ಕತೆ ಬಿಡಿ, ನಿಮ್ಮ ತಂದೆಯವರದ್ದು” ಅಂದು ಪೆನ್ನಿನ ಮುಚ್ಚಳ ಹಾಕಲು ಹೋದರು.

“ಅದನ್ನೂ ಬರ್ಕೊಳ್ಳಿ ಸಾರ್” ಅಂದ ಅಣ್ಣ.

ಅವರು ಅಣ್ಣನನ್ನು ನೋಡಿದರು, ಆಮೇಲೆ ನನ್ನನ್ನು. ಮುಚ್ಚಳ ತೆಗೆದು, ಹಾಳೆ ತಿರುವಿ, “ಯಾವ ಇಸವಿ ಅಂದ್ರಿ?” ಅಂತ ಕೇಳಿದರು.